ಡಂಗುರದವನ ಮನೆಯ ಆಮೆಗಳು

ಅಕ್ಟೋಬರ್ ೨೯

ಕೇಳಿರಿ! ಕೇಳಿರಿ! ಕೇಳಿರಿ!

ಮಾರ್ಶ್‌ಬರಿ ಪಟ್ಟಣದ ಮಹಾಜನರೇ! ಕೆಂಪು ನಿಲುವಂಗಿ ತೊಟ್ಟು, ಮೂರು ಮೂಲೆಯ ಟೊಪ್ಪಿಗೆ ಇಟ್ಟು, ಹಿತ್ತಾಳೆಯ ಗಂಟೆ ಬಾರಿಸಿದರೆ ಸಂತೆಕಟ್ಟೆಯ ಪಾರಿವಾಳಗಳೆಲ್ಲ ಪಕ್ಕದೂರಿಗೆ ಗುಳೆ ಹೋಗುವಂತೆ ಗರ್ಜಿಸುತ್ತಿದ್ದ ನಿಮ್ಮ ಡಂಗುರದವ, ಆಂಬ್ರೋಸ್ ಟಕ್‌ವೆಲ್ ಎಂಬ ನಾನು, ಇಂದಿನಿಂದ ಮೂಕ! ಈ ಘೋಷಣೆಯನ್ನೂ ಬಾಯಿಂದ ಹೊರಡಿಸಲಾಗದೆ ಹಾಳೆಯ ಮೇಲೆ ಗೀಚುವ ಗತಿ ಬಂತಲ್ಲ, ವಿಧಿಯೇ!

ಗಂಟಲಿನೊಳಗೆ ಬಾರ್ಲಿ ಕಾಳಿನಷ್ಟು ಗಂಟು. ಡಾಕ್ಟರಮ್ಮ ಅದನ್ನು ಕಿತ್ತು, ಒಂದು ವಾರ ಮೌನ ಎಂದಿದ್ದಳು. ಮೂರನೆಯ ದಿನ ಟಿವಿಯಲ್ಲಿ ಫುಟ್‌ಬಾಲ್. ರೆಫರಿ ಕುರುಡ. ನಾನು ಮನುಷ್ಯ. ಕೂಗಿದೆ. ಇಂದು ಮತ್ತೆ ಕತ್ತರಿ.

“ಈ ಸಲ ವಾರದ ಲೆಕ್ಕ ಇಲ್ಲ,” ಎಂದಳು ಡಾಕ್ಟರಮ್ಮ. “ನಾನು ಮಾತಾಡಿ ಅನ್ನೋವರೆಗೂ ತುಟಿ ಬಿಚ್ಚಬೇಡಿ. ಪಿಸುಗುಡೋದೂ ಬೇಡ. ಬಿಚ್ಚಿದ್ರೋ, ಜೀವನಪೂರ್ತಿ ಬಾತುಕೋಳಿ ಥರ ಕ್ವಾಕ್ ಕ್ವಾಕ್ ಅಂತಿರ್ತೀರ.”

ಮೇ ತಿಂಗಳ ಮೊದಲ ಶನಿವಾರ ವಸಂತದ ಸಂತೆ. ಆ ದಿನ ಪಟ್ಟಣ ಸಭೆಯವರು ನನ್ನ ಕಂಠವನ್ನು ಪರೀಕ್ಷಿಸುತ್ತಾರಂತೆ. ಸಂತೆಕಟ್ಟೆಯ ಈ ತುದಿಯಲ್ಲಿ ಕೂಗಿದ್ದು ಆ ತುದಿಗೆ ಕೇಳಿಸಿದರೆ ಗಂಟೆ ನನ್ನದು. ಇಲ್ಲವಾದರೆ ಕಾರು ತೊಳೆಯುವ ಡ್ಯಾರೆನ್ ಲಾಫ್ಟ್‌ನದು. ಅವನು ಲೌಡ್‌ಸ್ಪೀಕರ್ ಹಿಡಿದು ಡಂಗುರ ಸಾರುತ್ತಾನಂತೆ! ಊರುಗೋಲು ಹಿಡಿದು ಓಟದ ಪಂದ್ಯಕ್ಕೆ ಬಂದ ಹಾಗೆ! ಅಪ್ಪನ ಕೈಯಿಂದ ನನ್ನ ಕೈಗೆ ಬಂದ ಗಂಟೆ ಅದು. ಅದಿಲ್ಲದ ಆಂಬ್ರೋಸ್ ಟಕ್‌ವೆಲ್ ಎಂದರೆ ಯಾರು? ಬರೀ ದಪ್ಪ ಹೊಟ್ಟೆಯ ಒಬ್ಬ ಗಂಡಸು.

ಬಾಯಿ ಮುಚ್ಚಿದ್ದೇನೆ. ಮುಚ್ಚಿಯೇ ಇರುತ್ತೇನೆ.

ನವೆಂಬರ್ ೨

ನನ್ನ ಅಕ್ಕ ಡಲ್ಸಿಗೆ ಹುಚ್ಚು ಹಿಡಿದಿದೆ. ಪಶುವೈದ್ಯರ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಮಾಡಿ ನಿವೃತ್ತಳಾದವಳು ಹಾಯಾಗಿ ಉಲ್ಲನ್ ಹೆಣೆಯುವುದು ಬಿಟ್ಟು, ಬೇಡವಾದ ಸಾಕು ಆಮೆಗಳಿಗೆ ಆಸರೆ ಕೊಟ್ಟು ಹೊಸ ಮನೆ ಹುಡುಕಿಕೊಡುವ ಸೇವೆ ಶುರುಮಾಡುತ್ತಾಳಂತೆ. ನಮ್ಮ ಹಿತ್ತಲಿನಲ್ಲಿ! ನನ್ನ ಟೊಪ್ಪಿಗೆಗಳಿದ್ದ ಶೆಡ್ಡಿನಲ್ಲಿ!

“ಅಜ್ಜ ಸತ್ತ, ಆಮೆ ಉಳೀತು. ಮೊಮ್ಮಕ್ಕಳಿಗೆ ಬೇಡ. ಅಜ್ಜಿ ವೃದ್ಧರ ಫ್ಲ್ಯಾಟಿಗೆ ಹೋದ್ಳು, ಅಲ್ಲಿ ಪ್ರಾಣಿ ಸಾಕಂಗಿಲ್ಲ. ಎಲ್ಲಿಗೆ ಹೋಗ್ಬೇಕು ಹೇಳು ಅವು? ಇನ್ನೂ ಐವತ್ತು ವರ್ಷ ಬದುಕ್ತಾವೆ ಕಣೋ.”

ಐವತ್ತು ವರ್ಷ ಒಂದು ಮಾತೂ ಆಡದೆ ಬದುಕುವುದು ಒಂದು ಬದುಕೇ? ಕಲ್ಲಿಗೆ ನಾಲ್ಕು ಕಾಲು ಅಂಟಿಸಿದ ಹಾಗಿರುತ್ತವೆ. ಹೀಗೆಂದು ನನ್ನ ಪುಟ್ಟ ಸ್ಲೇಟಿನ ಮೇಲೆ ಬರೆಯುವಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿಯಾಗಿತ್ತು.

ಚಳಿಗಾಲ ಬಂತೆಂದರೆ ಆಮೆಗಳನ್ನು ಮಣ್ಣು ತುಂಬಿದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನೊಳಗೆ ಮಲಗಿಸಬೇಕು. ಹೊರಗಡೆ ಒಂದು ದಿನ ಹಿಮ, ಒಂದು ದಿನ ಬಿಸಿಲು ಆದರೆ ಅವುಗಳ ನಿದ್ದೆ ಕೆಡುತ್ತದೆ. ಆದ್ದರಿಂದ ಡಲ್ಸಿ ಹಳೆಯ ಫ್ರಿಜ್ಜುಗಳನ್ನು ಬೇಡಿ ತಂದು ಸಾಲಾಗಿ ನಿಲ್ಲಿಸಿದ್ದಾಳೆ. ನನಗೆ ದ್ವಾರಪಾಲಕನ ಪಾತ್ರ.

“ಬಾಯಿ ಮುಚ್ಕೊಂಡಿರೋದಕ್ಕೆ ಸಂಬಳ ಕೊಡೋ ಕೆಲಸ ಲೋಕದಲ್ಲಿಲ್ಲ. ಗೇಟ್ ಹತ್ರ ಕೂತ್ಕೋ. ವಸಂತದವರೆಗೂ ನಾಲ್ಕೇ ನಾಲ್ಕು ಆಮೆ. ಐದನೇದು ಬಂದ್ರೆ ತಲೆ ಅಲ್ಲಾಡಿಸು. ಅಡ್ಡಡ್ಡ! ತಿಳೀತಾ?”

ನವೆಂಬರ್ ೧೦

ಅನರ್ಥವಾಯಿತು.

ಡಂಗುರದವನಿಗೆ ಒಂದು ಪದ್ಧತಿಯಿದೆ. ಎದುರಿಗೆ ಯಾರಾದರೂ ಬಂದು ನಿಂತರೆ ಎದೆಯ ಮೇಲೆ ಕೈಯಿಟ್ಟು ಸೊಂಟದವರೆಗೂ ಬಾಗಿ ವಂದಿಸಬೇಕು. ಮೂವತ್ತು ವರ್ಷ ಬಾಗಿದ ಬೆನ್ನು, ಬಿಟ್ಟರೂ ಬಿಡದು. ನಾಲ್ಕು ಆಮೆಗಳು ಆಗಲೇ ಬಂದಾಗಿತ್ತು. ಬೆಳಿಗ್ಗೆ ಒಬ್ಬಾಕೆ ರಟ್ಟಿನ ಪೆಟ್ಟಿಗೆ ಹಿಡಿದು ಬಂದು, “ಇವನನ್ನೂ ಇಟ್ಕೊಳ್ತೀರಾ? ತೊಂದರೆ ಆಗುತ್ತೇನೋ…” ಎಂದಳು. ನಾನು ಬಾಗಿದೆ. ತಲೆ ಎತ್ತಿ ಅಡ್ಡಡ್ಡ ಆಡಿಸುವಷ್ಟರಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. “ಎಂಥ ಒಳ್ಳೆಯವರಪ್ಪ ನೀವು!” ಎನ್ನುತ್ತ ಅವಳು ಬಸ್ ಹತ್ತಿದಳು.

ಸಂಜೆಯೊಳಗೆ ಹೀಗೆ ಮೂರು ಸಲ ಬಾಗಿದ್ದೇನೆ.

ಡಲ್ಸಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ದಿನಚರಿಗೂ ಒಂದು ಮರ್ಯಾದೆಯಿದೆ.

ನವೆಂಬರ್ ೨೪

ಹತ್ತು ಆಮೆಗಳಾದವು. ಫ್ರಿಜ್ಜುಗಳು ಸಾಲದೆ ಬೌಲಿಂಗ್ ಕ್ಲಬ್ಬಿನವರ ಬಿಯರ್ ಫ್ರಿಜ್ ಎರವಲು ತಂದೆವು. ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸಬೇಕು, ವಾರಕ್ಕೊಮ್ಮೆ ತೂಗಬೇಕು. ಆ ಕೆಲಸ ನನ್ನ ತಲೆಗೆ ಬಂದಿದೆ.

ಅತ್ಯಂತ ನೀರಸವಾದ ಪ್ರಾಣಿಗಳು.

ಡಿಸೆಂಬರ್ ೫

ಮೌನದಲ್ಲೊಂದು ವಿಚಿತ್ರ ಕಂಡುಕೊಂಡೆ. ಮಾತಾಡದವನ ಎದುರು ಜನ ಸುಮ್ಮನಿರಲಾರರು!

ಕಸಾಯಿ ಗ್ಯಾರೆತ್ ಪಿಮ್ ಬಂದಿದ್ದ. ಪ್ರತಿ ವರ್ಷ ಹಂದಿಮಾಂಸದ ಕಡುಬಿನ ಸ್ಪರ್ಧೆಯಲ್ಲಿ ಬೆಳ್ಳಿಬಟ್ಟಲು ಗೆಲ್ಲುವ ವೀರ. ತನ್ನ ಮಗಳು ಬಿಟ್ಟುಹೋದ ಆಮೆಯನ್ನು ಒಪ್ಪಿಸಿ, ಹೊರಡುವುದು ಬಿಟ್ಟು ನನ್ನೆದುರು ಸ್ಟೂಲಿನ ಮೇಲೆ ಕೂತ. ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಮಳೆಯ ಬಗ್ಗೆ ಒಂದು ಮಾತು ಹೇಳಿದ. ನಾನು ನೋಡಿದೆ.

“ಗುರುವೇ, ನಿಂಗೊಂದು ಹೇಳ್ಬಿಡ್ತೀನಿ,” ಎಂದ ಕೊನೆಗೆ, ಬೆವರುತ್ತ. “ಆ ಕಡುಬಿನ ಹಿಟ್ಟಿನ ಹೊದಿಕೆ ಇದೆಯಲ್ಲ, ಅದು ನಾನು ಮಾಡಿದ್ದಲ್ಲ. ಪಕ್ಕದೂರಿನ ಸೂಪರ್ ಮಾರ್ಕೆಟ್ಟಿಂದ ತರೋದು. ಒಳಗಿನ ಮಾಂಸ ನಂದೇ, ದೇವರಾಣೆ! ಹೊದಿಕೆ ಮಾತ್ರ…”

ಹೇಳಿ ಮುಗಿಸಿ ಹಗುರಾಗಿ, ಹಾಡು ಗುನುಗುತ್ತ ಹೊರಟುಹೋದ. ನಾನು ಗೇಟಿನ ಬಳಿ ಕೂತು ನಕ್ಕು ನಕ್ಕು ಸುಸ್ತಾದೆ. ಸದ್ದಿಲ್ಲದೆ ನಗುವುದಕ್ಕೆ ಎಷ್ಟು ಶಕ್ತಿ ಬೇಕು ಗೊತ್ತೇ? ಹೊಟ್ಟೆ ಹಿಡಿದುಕೊಂಡಿದೆ.

ಎಂಥ ಡಂಗುರ! ನನ್ನ ಕಂಠವೊಂದು ಇದ್ದಿದ್ದರೆ!

ಡಿಸೆಂಬರ್ ೨೫

ಬೆಳಿಗ್ಗೆ ಚರ್ಚಿಗೆ ಹೋಗುವ ಮೊದಲು ಫ್ರಿಜ್ಜುಗಳ ಬಾಗಿಲು ತೆರೆದೆ. ಎಲ್ಲರೂ ಕ್ಷೇಮ. ಗ್ಯಾರೆತ್‌ನ ಆಮೆ ನಿದ್ದೆಯಲ್ಲೇ ಒಂದು ಕಾಲು ಚಾಚಿದೆ. ಒಳಗೆ ಸರಿಸೋಣವೆನ್ನಿಸಿತು, ಸುಮ್ಮನಿದ್ದೆ. ಅದರ ನಿದ್ದೆ, ಅದರ ಕಾಲು.

ಜನವರಿ ೧೪

ಇಂದು ರಂಗಪ್ರವೇಶ ಮಾಡಿದವರು ಸಾಮಾನ್ಯರಲ್ಲ. ಪಟ್ಟಣ ಸಭೆಯ ಅಧ್ಯಕ್ಷೆ, ಕಂಠಪರೀಕ್ಷೆಯ ತೀರ್ಪುಗಾರ್ತಿ, ಫಿಲಿಪ್ಪಾ ಪೆಲ್‌ಹ್ಯಾಮ್! ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮುಖ. ಕೈಯಲ್ಲಿ ಡಬ್ಬಿ. ಅದರಲ್ಲಿ ಮಲಗಿದ್ದ ಆಮೆಯ ಹೆಸರು ಕರ್ನಲ್.

“ಇದು ನನ್ನ ಅಮ್ಮನದು,” ಎಂದಳು. “ಅಂದ್ರೆ… ಅಮ್ಮನದಲ್ಲ.”

ನಾನು ನೋಡಿದೆ.

ಅಷ್ಟೇ ಸಾಕಾಯಿತು. ಆಕೆಯ ತಾಯಿ ಹೆನ್ರಿಯೆಟ್ಟಾ ಮದುವೆಯಾದ ವರ್ಷದಿಂದ ಸಾಕಿದ ಕರ್ನಲ್ ಒಬ್ಬನಿದ್ದ. ನಾಲ್ಕು ವರ್ಷದ ಹಿಂದೆ ತಾಯಿ ವೃದ್ಧರ ಮನೆ ಸೇರಿದಾಗ ಅವನನ್ನು ಮಗಳಿಗೆ ಒಪ್ಪಿಸಿದರು. ಆ ಚಳಿಗಾಲ ಅವನು ಫಿಲಿಪ್ಪಾಳ ಫ್ರಿಜ್ಜಿನಲ್ಲಿ ಮಲಗಿದ್ದ. ಪಟ್ಟಣ ಸಭೆಯ ಔತಣವಿತ್ತು. ಸಿಹಿ ಬೇಗ ಗಟ್ಟಿಯಾಗಲೆಂದು ಆಕೆ ಫ್ರಿಜ್ಜಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಆಮೇಲೆ ಮರೆತಳು.

“ಸಿಹಿ ತುಂಬ ಚೆನ್ನಾಗಿ ಬಂತು,” ಎಂದು ಬಿಕ್ಕಿದಳು. “ಎಲ್ರೂ ಎರಡೆರಡು ಸಲ ಹಾಕಿಸ್ಕೊಂಡ್ರು.”

ಅದೇ ಗಾತ್ರದ, ಅದೇ ಬಣ್ಣದ ಇನ್ನೊಂದನ್ನು ದೂರದ ಊರಿನಿಂದ ತಂದಳು. ಅಂದಿನಿಂದ ಬೇಸಿಗೆಯ ಪ್ರತಿ ಭಾನುವಾರ ಅದನ್ನು ತಾಯಿಯ ಮಡಿಲಲ್ಲಿ ಇಡುತ್ತಾಳೆ. “ಅಮ್ಮ ಅದಕ್ಕೆ ಕರ್ನಲ್, ಕರ್ನಲ್ ಅಂತ ಮುದ್ದು ಮಾಡ್ತಾರೆ. ನಂಗೆ ಉಸಿರು ಕಟ್ಟುತ್ತೆ ಮಿಸ್ಟರ್ ಟಕ್‌ವೆಲ್. ಇನ್ನೊಂದು ಬೇಸಿಗೆ ನನ್ನ ಕೈಲಾಗಲ್ಲ. ದೂರದ ಮನೆ ನೋಡಿ ಕೊಟ್ಬಿಡಿ. ಅವನಿಗೆ ವಯಸ್ಸಾಯ್ತು, ನಿಮ್ಮಲ್ಲಿ ವಿಶ್ರಾಂತಿ ತಗೋತಿದಾನೆ ಅಂತ ಅಮ್ಮಂಗೆ ಹೇಳ್ತೀನಿ. ತೊಂಬತ್ತಮೂರು ವರ್ಷ ಅವರಿಗೆ. ಗೊತ್ತಾದ್ರೆ ಎದೆ ಒಡೆದುಹೋಗುತ್ತೆ.”

ಪಟ್ಟಣ ಸಭೆಯ ಅಧ್ಯಕ್ಷೆ ನನ್ನ ಕರವಸ್ತ್ರದಲ್ಲಿ ಮೂಗು ಸೀಟಿದಳು! ಇಂಥ ಸುದ್ದಿ ನನ್ನ ಅಪ್ಪನಿಗೂ ಸಿಕ್ಕಿರಲಿಲ್ಲ.

ಆದರೂ ರಾತ್ರಿ ಊಟಕ್ಕೆ ಡಲ್ಸಿ “ಯಾರು ಬಂದಿದ್ರು?” ಎಂದಾಗ ಸ್ಲೇಟಿನಲ್ಲಿ ಬರೆದದ್ದು ಇಷ್ಟೇ: ಹನ್ನೆರಡನೆಯದು. ಬಾಗಿಬಿಟ್ಟೆ.

ಫೆಬ್ರವರಿ ೨೭

ಏಳುತ್ತಿದ್ದಾರೆ! ಒಬ್ಬೊಬ್ಬರನ್ನೇ ಹೊರತೆಗೆದು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕೂರಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಕಣ್ಣು. ಆಮೇಲೆ ಕತ್ತು ಇಷ್ಟಿಷ್ಟೇ ಮುಂದಕ್ಕೆ ಬಂದು, ಗಲ್ಲ ನೀರಿಗಿಟ್ಟು ಕುಡಿಯಲು ಶುರು. ಎಷ್ಟು ಹೊತ್ತು ಕುಡಿಯುತ್ತಾರೆ! ಕರ್ನಲ್ ಕುಡಿದು ಮುಗಿಸಿ ನನ್ನನ್ನು ನೋಡಿದ ರೀತಿ, ನಾಟಕದ ಕೊನೆಯ ಅಂಕಕ್ಕೆ ತಡವಾಗಿ ಬಂದ ಪ್ರೇಕ್ಷಕನನ್ನು ನೋಡುವ ಹಾಗಿತ್ತು.

ಮಧ್ಯಾಹ್ನದ ಊಟ ಮರೆತೇಹೋಯಿತು. ಫುಟ್‌ಬಾಲ್ ಕೂಡ ಇತ್ತಂತೆ.

ಮಾರ್ಚ್ ೧೨

ಡಾಕ್ಟರಮ್ಮ ಕನ್ನಡಿ ತೂರಿಸಿ ನೋಡಿ, “ಮಾತಾಡಿ,” ಎಂದಳು. “ಏನು ಮಾತಾಡಲಿ?” ಎಂದೆ. ಬಂತು! ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು, ಆದರೆ ನನ್ನದೇ ಬಾಗಿಲು. ಮೇ ತಿಂಗಳಿಗೆ ಪೂರ್ತಿ ಕಂಠ ಸಿಗುತ್ತದಂತೆ.

ಮನೆಗೆ ಬಂದಾಗ ಡಲ್ಸಿ ಆಮೆಗಳ ಬೇಲಿ ಕಟ್ಟುತ್ತ ತನ್ನ ಹಳೆಯ ಪ್ರೇಮಿಯೊಬ್ಬನ ಕಥೆ ಹೇಳುತ್ತಿದ್ದಳು, ಆಮೆಗಳಿಗೆ. ಅರವತ್ತು ವರ್ಷದಲ್ಲಿ ಆ ಕಥೆ ನಾನು ಕೇಳಿರಲಿಲ್ಲ. ನಡುವೆ ಬಾಯಿ ಹಾಕುವುದು ಬೇಡವೆನ್ನಿಸಿತು. ಸುದ್ದಿಯನ್ನು ರಾತ್ರಿ ಹೇಳಿದರಾಯಿತು.

ಮಾರ್ಚ್ ೧೩

ಹೇಳಲು ಮರೆತೆ.

ಮಾರ್ಚ್ ೨೬

ಆಹಾ! ನನ್ನ ಕಂಠ ಮರಳುತ್ತಿದೆ ಎಂಬ ಸುದ್ದಿ ಊರಿಗೆ ಹಬ್ಬಿದೆ. ಊರು ನಡುಗುತ್ತಿದೆ!

ಗೇಟಿನ ಸ್ಟೂಲಿನ ಮೇಲೆ ಕೂತು ಎದೆ ಹಗುರ ಮಾಡಿಕೊಂಡವರಿಗೆಲ್ಲ ಈಗ ನೆನಪಾಗಿದೆ, ತಾವು ಹೇಳಿದ್ದು ಯಾರಿಗೆಂದು. ಇಂದು ಕಸಾಯಿ ಅಂಗಡಿಯಲ್ಲಿ ಗಂಟಲು ಕೆರೆಯಿತು. “ಉಹೂಂ… ಹ್ಹೂಂ…” ಎಂದು ಸರಿಪಡಿಸಿಕೊಂಡೆ, ಅಷ್ಟೇ. ಗ್ಯಾರೆತ್ ಕತ್ತಿ ಕೆಳಗಿಟ್ಟು ಓಡಿಬಂದ.

“ಗುರುವೇ, ನಂದು ನಂಗೇ ವಾಪಸ್ ಕೊಡ್ತೀಯಾ? ನಮ್ಮ ಹಿತ್ತಲು ದೊಡ್ಡದಿದೆ. ಇನ್ನೊಂದು ಇದ್ರೂ ಕೊಡು. ಜೋಡಿ ಇರ್ಲಿ!”

ಡಲ್ಸಿ ಮೋಸಹೋಗುವ ಗಿರಾಕಿಯಲ್ಲ. ಪ್ರತಿ ಮನೆಗೂ ಹೋಗಿ ಬಿಸಿಲೆಷ್ಟು, ಬೇಲಿಯೆಷ್ಟು, ನಾಯಿಯಿದೆಯೇ ಎಂದು ನೋಡಿ, ಎರಡು ಗಂಡಾಮೆ ಒಟ್ಟಿಗೆ ಬಿಡಬಾರದೆಂದು ಗದರಿಯೇ ಕೊಡುತ್ತಾಳೆ. ಆದರೂ ಅವಳಿಗೆ ಆಶ್ಚರ್ಯ.

“ಇದ್ದಕ್ಕಿದ್ದ ಹಾಗೆ ಊರಿಗೆಲ್ಲ ಆಮೆ ಪ್ರೀತಿ ಹೇಗೆ ಬಂತೋ?”

ನಾನು ಗಂಟಲು ಸರಿಪಡಿಸಿಕೊಂಡೆ.

“ಆ ಶಬ್ದ ಮಾಡ್ಬೇಡ. ಕೋಳಿ ಕತ್ತು ಹಿಸುಕಿದ ಹಾಗಿದೆ.”

ಏಪ್ರಿಲ್ ೧೫

ಹನ್ನೊಂದಕ್ಕೂ ಮನೆಯಾಯಿತು. ಕರ್ನಲ್ ಒಬ್ಬ ಉಳಿದಿದ್ದಾನೆ. ದೂರದೂರಿನಿಂದ ಮೂವರು ಬಂದು ಕೇಳಿದರು. ಒಬ್ಬಳ ಬೇಲಿ ತಗ್ಗು. ಒಬ್ಬನ ಹಿತ್ತಲಲ್ಲಿ ನೆರಳು ಜಾಸ್ತಿ. ಮೂರನೆಯವನದು ಎಲ್ಲ ಸರಿಯಿತ್ತು, ಆದರೆ ಮನುಷ್ಯ ವಿಪರೀತ ಜೋರಾಗಿ ಮಾತಾಡುತ್ತಾನೆ. ಅಂಥವನ ಜೊತೆ ಒಂದು ಆಮೆ ಬಾಳುವುದು ಹೇಗೆ? ಬಾಗದೆ ಕಳಿಸಿದೆ.

ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪೂರ್ತಿ ಕಂಠ ಬಿಟ್ಟೆ. ಕಿಟಕಿಯ ಗಾಜು ಅದುರಿತು. ಗಂಟೆ ನನ್ನದೇ! ಡ್ಯಾರೆನ್ ಲಾಫ್ಟ್, ನಿನ್ನ ಲೌಡ್‌ಸ್ಪೀಕರ್ ಮಾರಿಕೋ!

ಏಪ್ರಿಲ್ ೩೦

ಫಿಲಿಪ್ಪಾ ಬಂದಿದ್ದಳು. ಇಸ್ತ್ರಿ ಪೂರ್ತಿ ಹಾಳಾಗಿದೆ.

“ಅಮ್ಮ ಶನಿವಾರ ಸಂತೆಗೆ ಬರ್ತಾರಂತೆ. ಕರ್ನಲ್‌ನ ನೋಡ್ಲೇಬೇಕಂತೆ. ಹಟ! ಅಲ್ಲಿ ನೀವು ಹಾಕೋ ಆಮೆ ಸೇವೆಯ ಅಂಗಡಿಯಲ್ಲಿ ಅವನೂ ಇರ್ತಾನೆ ಅಂತ ಡಲ್ಸಿ ಫೋನಲ್ಲಿ ಹೇಳ್ಬಿಟ್ಟಿದಾರೆ.” ನಂತರ ತಗ್ಗಿದ ದನಿಯಲ್ಲಿ, “ನೀವು ಗಂಟೆ ಹಿಡಿದು ಸುಳ್ಳು ಕೂಗೋದಿಲ್ಲ ಅಂತಾರೆ. ನಿಜವೇ?”

ನಿಜವೇ. ಗಂಟೆ ಕೈಗೆ ಬಂದ ದಿನ ಸಂತೆಕಟ್ಟೆಯ ಮೇಲೆ ನಿಂತು ಆ ಪ್ರತಿಜ್ಞೆ ಮಾಡಿದವನು ನಾನು. ಅಪ್ಪನೂ ಮಾಡಿದ್ದ. ತಲೆಯಾಡಿಸಿದೆ, ಉದ್ದುದ್ದ.

ಆಕೆ ಹೊರಟುಹೋದಳು. ತೀರ್ಪುಗಾರ್ತಿಯ ನಡಿಗೆ ಅಪರಾಧಿಯ ಹಾಗಿತ್ತು.

ಮೇ ೩

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬಿಸಿಲು. ತುಂಬಿದ ಸಂತೆಕಟ್ಟೆ. ಮೂವತ್ತು ವರ್ಷದಲ್ಲಿ ನನ್ನನ್ನು ಕೇಳಲು ಇಷ್ಟು ಜನ ಸೇರಿರಲಿಲ್ಲ, ಇಷ್ಟು ಬಿಳಿಚಿದ ಮುಖಗಳಂತೂ ಸೇರಿರಲೇ ಇಲ್ಲ. ಗ್ಯಾರೆತ್ ಎರಡು ಕೈಯಲ್ಲೂ ಬೆಳ್ಳಿಬಟ್ಟಲು ಅವುಚಿ ನಿಂತಿದ್ದ. ವೇದಿಕೆಯ ಮೇಲೆ ಫಿಲಿಪ್ಪಾ. ಕೆಳಗೆ ಡ್ಯಾರೆನ್, ಹೆಗಲಿಗೆ ಲೌಡ್‌ಸ್ಪೀಕರ್. ನಮ್ಮ ಅಂಗಡಿಯ ಮುಂದೆ ಗಾಲಿಕುರ್ಚಿಯಲ್ಲಿ ಹೆನ್ರಿಯೆಟ್ಟಾ ಅಜ್ಜಿ, ಮಡಿಲಲ್ಲಿ ಕರ್ನಲ್.

ಕೆಂಪು ನಿಲುವಂಗಿ. ಟೊಪ್ಪಿಗೆ. ಗಂಟೆ ಎತ್ತಿದೆ. ಬಾರಿಸಿದೆ. ಪಾರಿವಾಳಗಳು ಎದ್ದವು! ಹೊಟ್ಟೆಯ ಬುಡದಿಂದ ಕಂಠ ಏರಿ ಬರುತ್ತಿತ್ತು, ಪ್ರವಾಹದ ಹಾಗೆ. ಅಷ್ಟರಲ್ಲಿ ಅಜ್ಜಿ ಕೋಲು ಕುಟ್ಟಿದರು.

“ಏಯ್ ಡಂಗುರದಣ್ಣ! ಗಂಟೆ ಕೈಯಲ್ಲಿದೆಯಲ್ಲ, ಮೊದಲು ನಂದೊಂದು ಕೂಗು. ಚಳಿಗಾಲವೆಲ್ಲ ನಿನ್ನ ಹತ್ರ ಇದ್ದ ಇವನು. ಇವನು ನನ್ನ ಕರ್ನಲ್ ಹೌದೋ ಅಲ್ವೋ?”

ವೇದಿಕೆಯ ಮೇಲೆ ಫಿಲಿಪ್ಪಾ ಕುರ್ಚಿಯ ಕೈ ಹಿಡಿದಳು. ಎರಡು ಪದ ಇದ್ದವು ನನ್ನ ಬಾಯಲ್ಲಿ. ಹೌದು ಎಂದರೆ ಗಂಟೆ ಹಿಡಿದು ಸುಳ್ಳು. ಅಲ್ಲ ಎಂದರೆ ಆ ಮುದುಕಿಯ ಎದೆ, ಈ ಹೆಣ್ಣಿನ ಎದೆ, ಎರಡೂ ಒಂದೇ ಏಟಿಗೆ. ಪ್ರವಾಹ ಗಂಟಲಿಗೆ ಬಂದು ನಿಂತಿತ್ತು. ತಡೆಯುವುದು ಸುಲಭವಿರಲಿಲ್ಲ, ಇದು ದಾಖಲಾಗಲಿ.

ಬಾಯಿ ತೆರೆದೆ.

“ಕ್ವಾಕ್,” ಎಂದೆ.

ಗಂಟಲು ಹಿಡಿದುಕೊಂಡೆ. ಕಣ್ಣು ಅಗಲಿಸಿದೆ. ಇನ್ನೊಮ್ಮೆ, “ಕ್ವಾಕ್.” ಒಂದು ಹೆಜ್ಜೆ ತೂರಾಡಿ ದೀಪದ ಕಂಬ ಹಿಡಿದೆ. ತೂರಾಟ ಬೇಕಿರಲಿಲ್ಲ, ಆದರೆ ಬಂದ ಅವಕಾಶವನ್ನು ಬಿಡುವುದು ಹೇಗೆ? ಜನ “ಅಯ್ಯೋ ಪಾಪ!” ಎಂದರು. ಎಂಥ ಸಂತೋಷದ “ಅಯ್ಯೋ ಪಾಪ” ಅದು! ಗ್ಯಾರೆತ್ ಬಟ್ಟಲಿಗೆ ಮುತ್ತಿಟ್ಟ.

ಗಂಟೆ ಡ್ಯಾರೆನ್‌ಗೆ ಹೋಯಿತು. ನಾನೇ ಕೊಟ್ಟೆ, ಬಾಗಿ. ಅದನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿಲ್ಲ, ಬೆರಳು ಸರಿಪಡಿಸಿದೆ.

ಮನೆಗೆ ಬಂದ ಮೇಲೆ ಡಲ್ಸಿ ಚಹಾ ಸುರಿಯುತ್ತ, “ಆವತ್ತು ಬೆಳಿಗ್ಗೆ ಸ್ನಾನದ ಮನೇಲಿ ಗೂಳಿ ಥರ ಹಾಡಿದ್ದು ಯಾರೋ?” ಎಂದಳು. ನಾನು ನೋಡಿದೆ. ಅವಳೂ ನೋಡಿದಳು. ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಟ್ಟಳು.

ಗಂಟೆ ತೂಗುತ್ತಿದ್ದ ಗೋಡೆಯ ಮೊಳೆ ಖಾಲಿ. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೇ ೫

ಮಧ್ಯಾಹ್ನ ಗೇಟಿನ ಹೊರಗೆ ಕಾರು ನಿಂತಿತು. ಫಿಲಿಪ್ಪಾ ತಾಯಿಯನ್ನು ಗಾಲಿಕುರ್ಚಿಯಲ್ಲಿ ಹಿತ್ತಲಿಗೆ ತಳ್ಳಿ ತಂದಳು. ಅಜ್ಜಿ, “ನೀನು ಕಾರಲ್ಲಿ ಕೂತಿರು, ನಂಗೆ ಇವನ ಹತ್ರ ಮಾತಿದೆ,” ಎಂದು ಅವಳನ್ನು ಅಟ್ಟಿ, ನನ್ನನ್ನು ಹತ್ತಿರ ಕರೆದರು. ಕರ್ನಲ್‌ನನ್ನು ಅವರ ಮಡಿಲಲ್ಲಿಟ್ಟೆ.

“ಬಾಯಿ ಬಿಡು.”

ಬಿಟ್ಟೆ.

“ಸರಿಯಾಗೇ ಇದೆ. ಸತ್ತ ಗಂಡ ಮಿಲಿಟರಿ ಬ್ಯಾಂಡಿನವನು ಕಣಪ್ಪ, ಹೋದ ಗಂಟಲು ಯಾವುದು, ಹೋದ ಹಾಗೆ ಆಡೋ ಗಂಟಲು ಯಾವುದು ಅಂತ ನಂಗೆ ತಿಳಿಯುತ್ತೆ.” ಹಿತ್ತಲ ಡ್ಯಾಂಡೆಲಿಯನ್ ಕಳೆಗಿಡದ ಎಲೆಯೊಂದನ್ನು ಕಿತ್ತು ಆಮೆಯ ಮೂಗಿಗೆ ಹಿಡಿದರು. “ನನ್ನ ಕರ್ನಲ್ ಕಚ್ಚೋನು. ಅರವತ್ತು ವರ್ಷ, ಬೆರಳು ಕಚ್ಚದೆ ಒಂದು ಎಲೆ ತಿಂದೋನಲ್ಲ. ಮೊದಲನೇ ಭಾನುವಾರ ಫಿಲಿಪ್ಪಾ ಇವನನ್ನ ತಂದು ಇಟ್ಟಾಗ್ಲೇ ಗೊತ್ತಾಯ್ತು. ಎಷ್ಟು ಮರ್ಯಾದಸ್ಥ! ಎರಡನೇ ಬೇಸಿಗೇಲಿ ನನ್ನ ಚಪ್ಪಲಿಯೊಳಗೆ ಮೊಟ್ಟೆ ಬೇರೆ ಇಟ್ಟ.”

ನನ್ನ ಬಾಯಿ ಇನ್ನೂ ತೆರೆದೇ ಇತ್ತು.

“ಮೊಟ್ಟೇನ ಹೂಕುಂಡದಲ್ಲಿ ಹೂತುಬಿಟ್ಟೆ, ಅವಳ ಕಣ್ಣಿಗೆ ಬೀಳದ ಹಾಗೆ. ಪಾಪ, ಎಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾಳೆ! ಪ್ರತಿ ಭಾನುವಾರ ತಪ್ಪದೆ ಬರ್ತಾಳೆ, ಆ ಸುಳ್ಳು ಹೊತ್ಕೊಂಡು. ಗೊತ್ತಾಗಿದೆ ಅಂದ್ರೆ ಅವಳ ಎದೆ ಒಡೆದುಹೋಗುತ್ತೆ.”

“ಮತ್ತೆ ಶನಿವಾರ ಯಾಕಮ್ಮ ಹಾಗೆ ಕೇಳಿದ್ರಿ?” ಎಂದೆ, ಮೆಲ್ಲಗೆ.

“ನೀನು ಹೌದು ಅಂತೀಯ ಅಂದ್ಕೊಂಡೆ! ಗಂಟೆ ಹಿಡಿದೋನು ಊರ ಮುಂದೆ ಹೌದು ಅಂದ್ರೆ ಅವಳಿಗೆ ಧೈರ್ಯ ಬರ್ತಿತ್ತು, ಭಾನುವಾರ ಮತ್ತೆ ತರ್ತಿದ್ಳು. ನಿಂಗೆ ಅದ್ಯಾವುದೋ ಪ್ರತಿಜ್ಞೆ ಇದೆ ಅಂತ ನಂಗೇನು ಗೊತ್ತು? ಬಾತುಕೋಳಿ ಥರ ಕೂಗಿ ಕಂಬ ತಬ್ಕೋತೀಯ ಅಂತ ಯಾರಿಗೆ ಗೊತ್ತು?”

ಆಗ ನನಗೆ ತಡೆಯಲಾಗಲಿಲ್ಲ. ನಕ್ಕೆ. ಆರು ತಿಂಗಳು ಹೊಟ್ಟೆಯಲ್ಲಿ ಕಟ್ಟಿಟ್ಟ ನಗು, ಪೂರ್ತಿ ಕಂಠದಲ್ಲಿ, ಸಂತೆಕಟ್ಟೆಯ ಆ ತುದಿಗೆ ಕೇಳಿಸುವಂಥ ನಗು! ಶೆಡ್ಡಿನ ತಗಡು ಝಣ್ ಎಂದಿತು.

ಗೋಡೆಯಾಚೆ ಕಾರಿನ ಬಾಗಿಲು ತೆರೆಯಿತು. “ಅಮ್ಮಾ? ಯಾರದು ನಕ್ಕಿದ್ದು? ಮಿಸ್ಟರ್ ಟಕ್‌ವೆಲ್ಲಾ?”

ನಾನು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಜ್ಜಿ ಎದೆ ಸೆಟೆಸಿ, ಗಂಡಸಿನ ದನಿ ತೆಗೆದು, ಆಕಾಶಕ್ಕೆ ಗರ್ಜಿಸಿದರು:

“ನಾನೇ ಕಣೇ! ಕರ್ನಲ್ ಕಚ್ಚಿಬಿಟ್ಟ! ಹಳೇ ಥರಾನೇ!”

ಗೋಡೆಯಾಚೆಯಿಂದ ಚಿಕ್ಕ ಹುಡುಗಿಯ ಹಾಗೊಂದು ದನಿ. “ನಿಜವಾಗ್ಲೂ ಕಚ್ಚಿದ್ನಾ ಅಮ್ಮಾ?”

“ರಕ್ತ ಬಂತು ಕಣೇ! ಭಾನುವಾರ ಕರ್ಕೊಂಡು ಬಾ ಇವನನ್ನ, ಬುದ್ಧಿ ಕಲಿಸ್ತೀನಿ!”

ಆಮೆ ಮಾತ್ರ ಅಜ್ಜಿಯ ಬೆರಳ ತುದಿಯ ಎಲೆಯನ್ನು ಚರ್ಮಕ್ಕೆ ತಾಗದ ಹಾಗೆ, ಬಹಳ ಮರ್ಯಾದೆಯಿಂದ, ಮೆಲ್ಲಗೆ ಎಳೆದುಕೊಳ್ಳುತ್ತಿತ್ತು.